ಅಸುರರ ಪೂರ್ವವೃತ್ತಾಂತ

ಹೆಣ್ಣೂರು ಮುಖ್ಯರಸ್ತೆಯ ಮೇಲ್ಸೇತುವೆಯಿಂದಿಳಿದು ಲಿಂಗರಾಜಪುರವನ್ನು ಹೊಗುವವರ ಕಣ್ಣಿಗೆ, ಸಂಜೆಯ ಟ್ಯೂಷನ್ ಮುಗಿಸಿ ಗುಂಪುಗುಂಪಾಗಿ ಮನೆಗೆ ಮರಳುವ ಹುಡುಗ ಹುಡುಗಿಯರ ಬ್ಯಾಗುಗಳ ಮೇಲೆ, ಟೀ ಷರ್ಟುಗಳ ಮೇಲೆ, ಮೊಬೈಲಿನ ಕವರುಗಳ ಮೇಲೆ, ಹಸುರು ಕಪ್ಪು ಬಣ್ಣಗಳ ಚೌಕುಳಿಯ ವಿನ್ಯಾಸವೊಂದು ಈಚಿನ ಕೆಲವು ವರ್ಷಗಳಿಂದ ಮತ್ತೆ ಮತ್ತೆ ಬೀಳುತ್ತಲಿದೆ. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳಗಳು ಒಂದೇ ಓಣಿಯಲ್ಲಿ ಕೇಳಿಬರುವ, ಈಶಾನ್ಯ ರಾಜ್ಯಗಳಿಂದ ಓದಿಗೂ ಉದ್ಯೋಗಕ್ಕೂ ಬಂದ ತರುಣರು ನೆಲೆಸಿರುವ, ದಂಡುಪ್ರದೇಶದ ಅಂಚಿನ ಈ ಬಡಾವಣೆಯಲ್ಲಿ, ಮನೆಮಾತಿನ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಪರಿಚಿತನಾದ ವೀರನೊಬ್ಬನು ಇದ್ದಾನೆಂದರೆ, ಅವನು ಆ ಚೌಕುಳಿಯ ನಿಲುವಂಗಿಯನ್ನು ತೊಟ್ಟ, ಹಣೆಯ ಮೇಲೆ ಕಲೆಯುಳ್ಳ, ಇದ್ದಿಲು ಮಾರುವ ಮನೆತನದ ತಾಂಜಿರೊ ಎಂಬ ಜಪಾನೀ ಬಾಲಕನು.

ಹಿರಿಯರು ಇದನ್ನು ಕಾರ್ಟೂನೆಂದು ಕರೆದು ಸುಮ್ಮನಾಗುತ್ತಾರೆ. ಇಲ್ಲವೆ ಒಮ್ಮೆ ಇಣುಕಿ, ತುಂಡರಿಸಿದ ರುಂಡಗಳನ್ನೂ ಚಿಮ್ಮುವ ರಕ್ತವನ್ನೂ ಕಂಡು, ಮಕ್ಕಳ ಮನಸ್ಸು ಕೆಡುತ್ತಿದೆಯೆಂದು ಮರುಗುತ್ತಾರೆ. ಎರಡೂ ಸಹಜವಾದ ಪ್ರತಿಕ್ರಿಯೆಗಳೇ. ಆದರೆ ಈ ಧಾರಾವಾಹಿಯನ್ನು ಮೊದಲಿನಿಂದ ತಾಳ್ಮೆಯಿಟ್ಟು ನೋಡಿದ ಮೇಲೆ ನನಗೆ ಮನವರಿಕೆಯಾದದ್ದು ಬೇರೆಯೇ ಆಗಿದೆ: ಈ ಮಕ್ಕಳ ಹೃದಯವನ್ನು ಹಿಡಿದು ನಿಲ್ಲಿಸಿರುವುದು ಖಡ್ಗದ ಮಿಂಚಲ್ಲ, ಖಡ್ಗಕ್ಕೆ ತುತ್ತಾಗುವ ಅಸುರನ ದುಃಖ, ಮತ್ತು ಆ ದುಃಖವನ್ನು ಕಾಣುವ ಕಣ್ಣು ಕನ್ನಡಿಗರಾದ ನಮಗೆ ಹೊಸದೇನಲ್ಲ.

‘ಡೀಮನ್ ಸ್ಲೇಯರ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದ ಈ ಕಥೆಯ ಜಪಾನೀ ಹೆಸರು ‘ಕಿಮೆತ್ಸು ನೋ ಯಾಯ್ಬಾ’. ಕೊಯೊಹಾರು ಗೊತೊಗೆ ಎಂಬ ಅಂಕಿತವನ್ನಿಟ್ಟುಕೊಂಡ ಲೇಖಕರು 2016ರ ಫೆಬ್ರವರಿಯಿಂದ 2020ರ ಮೇ ತಿಂಗಳವರೆಗೆ ಅಲ್ಲಿಯ ವಾರಪತ್ರಿಕೆಯೊಂದರಲ್ಲಿ ಇದನ್ನು ಚಿತ್ರಕಥೆಯಾಗಿ ಬರೆದರು. 205 ಅಧ್ಯಾಯಗಳ ಆ ಕೃತಿ 23 ಸಂಪುಟಗಳಲ್ಲಿ ಗ್ರಂಥರೂಪವನ್ನು ತಳೆಯಿತು. ಯೂಫೊಟೇಬಲ್ ಎಂಬ ಚಿತ್ರಶಾಲೆ, ಹಾರುವೊ ಸೊತೊಜಾಕಿಯವರ ನಿರ್ದೇಶನದಲ್ಲಿ, ಅದನ್ನು 2019ರ ಏಪ್ರಿಲಿನಿಂದ ದೂರದರ್ಶನದ ಧಾರಾವಾಹಿಯನ್ನಾಗಿ ರೂಪಿಸಿತು. ಮೊದಲ ಆವೃತ್ತಿಯಲ್ಲಿದ್ದವು 26 ಕಂತುಗಳು. ಮರುವರ್ಷದ ಅಕ್ಟೋಬರಿನಲ್ಲಿ, ಮಹಾಮಾರಿಯ ನಡುವೆಯೇ, ಅದರ ಮುಂದಿನ ಭಾಗವು ಚಲನಚಿತ್ರವಾಗಿ ಬಂದು, 2001ರಿಂದ ‘ಸ್ಪಿರಿಟೆಡ್ ಅವೇ’ ಚಿತ್ರದ ಹೆಸರಿನಲ್ಲಿದ್ದ ಗಳಿಕೆಯ ದಾಖಲೆಯನ್ನು ಮುರಿದು, ಜಪಾನಿನಲ್ಲಿ 4,000 ಕೋಟಿ ಯೆನ್‌ಗಳ ಗೆರೆಯನ್ನು ದಾಟಿತು.

ಕಥೆ ನಡೆಯುವ ಕಾಲ ತಾಯ್ಶೋ ಯುಗ, ಎಂದರೆ 1912ರಿಂದ 1926ರವರೆಗಿನ ಅವಧಿ. ನಮ್ಮಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯವಾಳುತ್ತ, ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಕಾಲವೇ ಅದು. 1898ರಲ್ಲೇ ಜಪಾನನ್ನು ಕಣ್ಣಾರೆ ಕಂಡು ಬಂದಿದ್ದ ವಿಶ್ವೇಶ್ವರಯ್ಯನವರ ಮೂಲಕ ಮೈಸೂರು ಸೀಮೆಯು ಅರಿತ ಜಪಾನು ಕಾರ್ಖಾನೆಗಳ, ಪಾಠಶಾಲೆಗಳ, ಶಿಸ್ತಿನ ಜಪಾನು. ಗೊತೊಗೆಯವರು ತೋರಿಸುವುದು ಅದರ ನೆರಳನ್ನು. ಪಟ್ಟಣಗಳಲ್ಲಿ ವಿದ್ಯುದ್ದೀಪಗಳು ಬೆಳಗಿವೆ, ಉಗಿಬಂಡಿ ಓಡುತ್ತಿದೆ, ಖಡ್ಗಧಾರಣೆಯು 1876ರಷ್ಟು ಹಿಂದೆಯೇ ಶಾಸನದಿಂದ ನಿಷಿದ್ಧವಾಗಿದೆ. ಆದರೆ ದೀಪದ ಬೆಳಕು ಮುಟ್ಟದ ಬೆಟ್ಟಗಳಲ್ಲಿ ನರಭಕ್ಷಕ ಅಸುರರು ಇನ್ನೂ ಸಂಚರಿಸುತ್ತಿದ್ದಾರೆ, ಮತ್ತು ಸರಕಾರದ ಮನ್ನಣೆಯಿಲ್ಲದ, ಪೊಲೀಸರ ಕಣ್ಣು ತಪ್ಪಿಸಿ ಕತ್ತಿಯನ್ನು ಬಚ್ಚಿಟ್ಟುಕೊಂಡು ತಿರುಗುವ ಒಂದು ಗುಪ್ತದಳವು ಅವರೊಡನೆ ಹೋರಾಡುತ್ತಿದೆ.

ತಂದೆಯನ್ನು ಕಳೆದುಕೊಂಡ ಮನೆಗೆ ಹಿರಿಯ ಮಗನಾದ ತಾಂಜಿರೊ, ಹಿಮ ಬಿದ್ದ ದಿನವೊಂದರಲ್ಲಿ ಬೆಟ್ಟದಿಂದಿಳಿದು ಇದ್ದಿಲು ಮಾರಿ, ರಾತ್ರಿಯ ಭಯದಿಂದ ಪರಿಚಿತ ಮುದುಕನೊಬ್ಬನ ಮನೆಯಲ್ಲಿ ತಂಗಿ, ಬೆಳಗಾಗ ಮರಳಿ ಬಂದು ನೋಡುವಲ್ಲಿ, ತಾಯಿಯೂ ತಮ್ಮ ತಂಗಿಯರೂ ರಕ್ತದ ಮಡುವಿನಲ್ಲಿ ಬಿದ್ದಿರುತ್ತಾರೆ. ಉಸಿರಿದ್ದವಳು ಹಿರಿಯ ತಂಗಿ ನೆಜುಕೊ ಒಬ್ಬಳೇ. ಅವಳ ಮೈಗೂ ಅಸುರರಕ್ತ ಸೇರಿ ಅವಳೂ ಅಸುರಿಯಾಗಿದ್ದಾಳೆ. ಕೊಲ್ಲಲು ಬಂದ ದಳದ ಯೋಧನೆದುರು ಅಣ್ಣನು ನೆಲಕ್ಕೆ ಹಣೆಯಿಟ್ಟು ಬೇಡಿಕೊಳ್ಳುತ್ತಾನೆ. ಹಸಿದ ಅಸುರಿಯಾಗಿಯೂ ನೆಜುಕೊ ಅಣ್ಣನನ್ನು ತಿನ್ನದೆ ಅವನಿಗೆ ಅಡ್ಡವಾಗಿ ನಿಲ್ಲುತ್ತಾಳೆ. ಅಂದಿನಿಂದ ಮುಂದೆ ಅವಳ ಬಾಯಿಗೆ ಅಡ್ಡಲಾಗಿ ಬಿದಿರಿನ ತುಂಡೊಂದನ್ನು ಕಟ್ಟಿ, ಬಿಸಿಲು ಸೋಕಿದರೆ ಸುಟ್ಟು ಬೂದಿಯಾಗುವ ಅವಳನ್ನು ಹಗಲೆಲ್ಲ ಮರದ ಪೆಟ್ಟಿಗೆಯೊಂದರಲ್ಲಿ ಕುಳ್ಳಿರಿಸಿ, ಬೆನ್ನಮೇಲೆ ಹೊತ್ತುಕೊಂಡು, ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡುವ ಔಷಧವನ್ನರಸುತ್ತ ಅವನು ನಡೆಯುತ್ತಾನೆ. ಅಸುರಸಂಹಾರಕ್ಕೆ ಹೊರಟವನ ಬೆನ್ನಮೇಲೆಯೇ ಅಸುರಿಯೊಬ್ಬಳಿದ್ದಾಳೆ, ಅವಳು ಅವನ ಒಡಹುಟ್ಟು. ಇಷ್ಟನ್ನು ಮೊದಲ ಕಂತುಗಳಲ್ಲೇ ಸ್ಥಾಪಿಸಿದ ಲೇಖಕರು, ಮುಂದೆ ಯಾವ ಅಸುರನನ್ನೂ ಬರಿಯ ಶತ್ರುವೆಂದು ನೋಡುವ ಸೌಕರ್ಯವನ್ನು ನಾಯಕನಿಗೂ ಪ್ರೇಕ್ಷಕನಿಗೂ ಉಳಿಸುವುದಿಲ್ಲ.

ಘೋರವನ್ನೂ ಅದ್ಭುತವನ್ನೂ ಒಂದೇ ಎರಕದಲ್ಲಿ ಹೊಯ್ಯುವ ಈ ಬಗೆಯ ಕಥನವನ್ನು ಆಧುನಿಕ ವಿಮರ್ಶೆಯು ‘ಡಾರ್ಕ್ ಫ್ಯಾಂಟಸಿ’ ಎಂಬ ಪ್ರತ್ಯೇಕ ಪ್ರಕಾರವಾಗಿ ಎಣಿಸುತ್ತದೆ. ಭಯಾನಕ, ಬೀಭತ್ಸ, ಅದ್ಭುತಗಳಿಗೆ ರಸಪಟ್ಟವನ್ನು ಕಟ್ಟಿದ ನಾಡಿನವರು ನಾವು. ಈ ರಸಗಳು ತಮಗಾಗಿ ತಾವೇ ನಿಲ್ಲದೆ ಕೊನೆಗೆ ಕರುಣದಲ್ಲಿ ಹೋಗಿ ಸೇರುತ್ತವೆಯೆ ಎಂಬುದೊಂದೇ ಇಲ್ಲಿ ಕೇಳತಕ್ಕ ಪ್ರಶ್ನೆ; ಈ ಧಾರಾವಾಹಿಯಲ್ಲಿ ಸೇರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೃಷ್ಟಾಂತಕ್ಕೆ ನಾತಾಗುಮೊ ಬೆಟ್ಟದ ಪ್ರಸಂಗವನ್ನು ನೋಡಬಹುದು. ಅಲ್ಲಿ ಜೇಡನಂತೆ ನೂಲನ್ನು ಹೆಣೆದು ಮನುಷ್ಯರನ್ನು ತುಂಡರಿಸುವ ರುಯಿ ಎಂಬ ಬಾಲಾಸುರನಿದ್ದಾನೆ. ಅನ್ಯ ಅಸುರರನ್ನು ಹೆದರಿಸಿ ಹಿಡಿದಿಟ್ಟು, ನೀನು ತಾಯಿ, ನೀನು ತಂದೆ, ನೀನು ಅಕ್ಕ ಎಂದು ಪಾತ್ರಗಳನ್ನು ಹಂಚಿ, ತಪ್ಪಿದವರನ್ನು ಹಿಂಸಿಸಿ, ಕುಟುಂಬವೊಂದನ್ನು ಬಲಾತ್ಕಾರದಿಂದ ನಡೆಸುತ್ತಿದ್ದಾನೆ. ಅವನ ಶಿರಸ್ಸು ಮುಂಡದಿಂದ ಬೇರ್ಪಟ್ಟು ದೇಹವು ಕರಗತೊಡಗಿದಾಗ ಪೂರ್ವಸ್ಮೃತಿ ಮರಳುತ್ತದೆ. ನಡೆಯಲಾರದಷ್ಟು ರೋಗಿಯಾಗಿದ್ದ ಹುಡುಗನು, ಬಲವನ್ನು ಕೊಡುತ್ತೇನೆಂದವನ ಮಾತಿಗೆ ಒಲಿದು ಅಸುರನಾದನು. ಅವನು ನರಹತ್ಯೆ ಮಾಡಿದ್ದನ್ನು ಕಂಡ ತಂದೆ ತಾಯಿಗಳು ಅವನನ್ನು ಕೊಂದು ತಾವೂ ಅವನೊಡನೆ ಸಾಯಲು ನಿಶ್ಚಯಿಸಿದರು. ಅದು ತನ್ನ ಪಾಪದ ಭಾರವನ್ನು ಹಂಚಿಕೊಳ್ಳುವ ವಾತ್ಸಲ್ಯವೆಂದು ತಿಳಿಯದೆ, ದ್ರೋಹವೆಂದು ಬಗೆದು, ಅವನೇ ಅವರನ್ನು ಕೊಂದನು. ತಾನೇ ಕಡಿದುಕೊಂಡ ಬಾಂಧವ್ಯವನ್ನು ಅಂದಿನಿಂದ ನೂಲಿನಲ್ಲಿ ಹೆಣೆಯಲು ಹೆಣಗುತ್ತಿದ್ದ ಆ ಮಗುವಿನ ಬೆನ್ನಮೇಲೆ, ಒಂದು ಕ್ಷಣದ ಹಿಂದೆ ಅದರಿಂದಲೇ ಮರಣದ ಅಂಚಿಗೆ ಹೋಗಿದ್ದ ತಾಂಜಿರೊ ಕೈಯಿಡುತ್ತಾನೆ. ಅಸುರನ ಬಟ್ಟೆಯ ಮೇಲೆ ಕಾಲಿಟ್ಟ ಹಿರಿಯ ಯೋಧನಿಗೆ, ಕಾಲು ತೆಗೆಯಬೇಕೆಂದೂ, ಇವರೂ ಒಮ್ಮೆ ನಮ್ಮಂತೆ ಮನುಷ್ಯರಾಗಿದ್ದವರೇ ಎಂದೂ ಹೇಳುತ್ತಾನೆ. ಆದರೆ ಕತ್ತಿಯನ್ನು ಕೆಳಗಿಡುವುದಿಲ್ಲ; ತಿಂದವರ ಲೆಕ್ಕವನ್ನು ಮರೆಯುವುದೂ ಇಲ್ಲ. ದಂಡನೆಯನ್ನು ಬಿಡದೆ ದ್ವೇಷವನ್ನು ಬಿಡುವ ಈ ನಡೆಯನ್ನು ಹದಿಹರೆಯದ ಮಕ್ಕಳ ಕಥೆಯೊಂದು ಇಷ್ಟು ಸ್ಪಷ್ಟವಾಗಿ ಚಿತ್ರಿಸಿರುವುದನ್ನು ನಾನು ಬೇರೆಡೆಯಲ್ಲಿ ಹೆಚ್ಚಾಗಿ ಕಂಡಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ರನ್ನನ ನೆನಪಾಗದೆ ಇರದು. ಗದಾಯುದ್ಧದಲ್ಲಿ ರಣಭೂಮಿಯನ್ನು ತುಳಿದು ನಡೆವ ದುರ್ಯೋಧನನು ದ್ರೋಣನ, ತಮ್ಮನ, ಮಗನ, ಪ್ರಾಣಮಿತ್ರ ಕರ್ಣನ ಕಳೇಬರಗಳೆದುರು ನಿಂತು ಪ್ರಲಾಪಿಸುವಾಗ, ಶತ್ರುಪಕ್ಷದ ಅಭಿಮನ್ಯುವಿನ ಶವದ ಮುಂದೆಯೂ ತಲೆಬಾಗಿ ಅವನ ಶೌರ್ಯವನ್ನು ಕೊಂಡಾಡುವಾಗ, ಭೀಮನ ಗೆಲವನ್ನು ಹಾಡಲು ಕುಳಿತ ಕವಿಯೇ ಸೋಲುವವನ ಎದೆಯೊಳಕ್ಕೆ ನಮ್ಮನ್ನು ಕರೆದೊಯ್ಯುತ್ತಾನೆ. ನಾಗಚಂದ್ರನ ರಾವಣನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತವನ್ನು ಹಿಡಿದವನು. ಸೀತೆಯ ಸ್ಥಿತಿಯನ್ನು ಕಂಡು ಪಶ್ಚಾತ್ತಾಪಗೊಂಡು, ಯುದ್ಧದಲ್ಲಿ ಗೆದ್ದ ಬಳಿಕ ತಾನಾಗಿಯೇ ಅವಳನ್ನು ಒಪ್ಪಿಸಬೇಕೆಂದು ಹಂಬಲಿಸಿ, ಆ ಅವಕಾಶ ದೊರೆಯದೆ ಮಡಿಯುವವನು. 1949ರಲ್ಲಿ ಪ್ರಕಟವಾದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿಯೂ ರಾವಣನ ಚೇತನಕ್ಕೆ ಉದ್ಧಾರದ ಬಾಗಿಲು ತೆರೆದಿರುತ್ತದೆ. ಜಪಾನಿನಲ್ಲಿಯೂ ಈ ದೃಷ್ಟಿ ನಿನ್ನೆ ಮೊನ್ನೆಯದಲ್ಲ: ಓಯೆ ಪರ್ವತದ ಶುತೆನ್ ದೋಜಿಯೆಂಬ ಅಸುರನನ್ನು ಅತಿಥಿಗಳ ವೇಷದಲ್ಲಿ ಬಂದು ಮದ್ಯವನ್ನು ಕುಡಿಸಿ ಕೊಂದ ಕಥೆಯಲ್ಲಿ, ಸಾಯುವ ಅಸುರನೇ ಮನುಷ್ಯರ ಕಪಟವನ್ನು ಹಳಿದು, ಅಸುರರಲ್ಲಿ ಇಂಥ ವಂಚನೆಯಿಲ್ಲವೆಂದು ಸಾರುತ್ತಾನೆ.

ಕಾವ್ಯಗಳಿಗಿಂತಲೂ ಸಮೀಪದ ಸಾದೃಶ್ಯವು ತುಳುನಾಡಿನ ದೈವಗಳ ಪಾಡ್ದನಗಳಲ್ಲಿದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನು ಅಂಥ ಇನ್ನೊಂದು ಮೂರ್ತಿಯನ್ನು ಬೇರೆಲ್ಲಿಯೂ ಮಾಡಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನೆಂದೂ, ಅಣ್ಣನ ದುರವಸ್ಥೆಯನ್ನು ಕಂಡ ತಂಗಿ ಕಲ್ಲುರ್ಟಿ ಅವನೊಡನೆ ಮಾಯಕ್ಕೆ ಸಂದು, ಇಬ್ಬರೂ ಉಗ್ರಶಕ್ತಿಗಳಾಗಿ ಅರಸುಮನೆಯ ಮೇಲೆ ಸೇಡು ತೀರಿಸಿದರೆಂದೂ ಪಾಡ್ದನವು ಹೇಳುತ್ತದೆ. 1432ರಲ್ಲಿ ಪ್ರತಿಷ್ಠಿತವಾದ ಆ ಗೊಮ್ಮಟನು ಇಂದಿಗೂ ನಿಂತಿದ್ದಾನೆ. ಆ ಅಣ್ಣ ತಂಗಿಯರಿಗೆ ಇಂದಿಗೂ ಕೋಲ ನಡೆಯುತ್ತದೆ. 2021ರ ಡಿಸೆಂಬರಿನಿಂದ 2022ರ ಫೆಬ್ರವರಿಯವರೆಗೆ ಪ್ರಸಾರವಾದ ಈ ಧಾರಾವಾಹಿಯ ಆವೃತ್ತಿಯಲ್ಲಿ ಬರುವ ಗ್ಯೂತಾರೊ ಮತ್ತು ದಾಕಿ ಎಂಬ ಅಸುರ ಅಣ್ಣ ತಂಗಿಯರನ್ನು ಕಂಡಾಗ ನನಗೆ ಕಲ್ಕುಡ ಕಲ್ಲುರ್ಟಿಯರೇ ಕಣ್ಣ ಮುಂದೆ ಬಂದರು. ವೇಶ್ಯಾವಾಟಿಕೆಯ ಅತ್ಯಂತ ಕೆಳಗಿನ ಪಾವಟಿಗೆಯಲ್ಲಿ, ಹಸಿವೆಯಲ್ಲಿ ಹುಟ್ಟಿ, ಇಲಿಯನ್ನೂ ಹುಳುವನ್ನೂ ತಿಂದು ಬದುಕಿದ ಅಣ್ಣ. ಜೀವಂತ ಸುಡಲ್ಪಟ್ಟ ತಂಗಿ. ಆ ಕರಿಕಾದ ದೇಹವನ್ನೆತ್ತಿಕೊಂಡು ಹಿಮದಲ್ಲಿ ಅಲೆದ ಅವನಿಗೆ ದೇವರೂ ಮನುಷ್ಯರೂ ನೀಡದ ನೆರವನ್ನು ನೀಡಿದವನು ಅಸುರನೊಬ್ಬನೇ. ಒಂದು ವ್ಯತ್ಯಾಸ ಮಾತ್ರ ಉಂಟು. ತುಳುನಾಡು ತಾನು ಅನ್ಯಾಯ ಮಾಡಿದವರನ್ನು ದೈವವಾಗಿ ಬರಮಾಡಿಕೊಂಡು, ವರ್ಷವರ್ಷವೂ ಅವರ ಅಭಯವನ್ನು ಬೇಡುತ್ತದೆ. ಗೊತೊಗೆಯವರ ಲೋಕದಲ್ಲಿ ಅವರಿಗೆ ಮರುಜನ್ಮದ ಕ್ಷೀಣವಾದ ಆಶೆಯೊಂದೇ ಉಳಿಯುವುದು.

ಎಲ್ಲರಿಗೂ ಈ ದಯೆ ಸಲ್ಲುತ್ತದೆಂದು ತಿಳಿಯಲಾಗದು. ಅಸುರರೆಲ್ಲರ ಮೂಲಪುರುಷನಾದ ಮುಜಾನನು, ಸಾವಿರ ವರ್ಷಗಳ ಹಿಂದೆ, ಸಾವನ್ನು ಎದುರುನೋಡುತ್ತಿದ್ದ ರೋಗಿಯಾಗಿದ್ದು, ಗುಣವಾಗುತ್ತಿಲ್ಲವೆಂಬ ಅಸಹನೆಯಿಂದ ವೈದ್ಯನನ್ನೇ ಕೊಂದವನು; ಆ ವೈದ್ಯನ ಔಷಧವೇ ಅವನನ್ನು ಬಲಿಷ್ಠನನ್ನಾಗಿಸಿ ಬಿಸಿಲು ಸೋಕಬಾರದವನನ್ನಾಗಿಯೂ ಮಾಡಿತು. ಅಂದಿನಿಂದ ಅವನು ಕೊಂದದ್ದೆಲ್ಲ ತಾನು ಸಾಯಬಾರದೆಂಬ ಒಂದೇ ಕಾರಣಕ್ಕೆ. ಅವನ ಪೂರ್ವಕಥೆಯನ್ನೂ ಲೇಖಕರು ಹೇಳುತ್ತಾರೆ, ಆದರೆ ಪಶ್ಚಾತ್ತಾಪವಿಲ್ಲದವನಿಗೆ ಕಣ್ಣೀರನ್ನು ಕೊಡುವುದಿಲ್ಲ. ಮರಣವನ್ನು ಹೊರಗಿಡಲು ವರದ ಮೇಲೆ ವರವನ್ನು ಪಡೆದ ಹಿರಣ್ಯಕಶಿಪುವಿನ ಕಥೆಯನ್ನು ಕೇಳಿ ಬೆಳೆದವರಿಗೆ ಇದರ ತರ್ಕವು ಕೂಡಲೆ ಹೊಳೆಯುವುದು.

ಕಲೆಯ ಮಾತನ್ನೂ ಹೇಳಬೇಕು, ಏಕೆಂದರೆ ಈ ಕಥೆ ಪುಸ್ತಕರೂಪದಲ್ಲಿ ಗಳಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಪ್ರೀತಿಯನ್ನು ತೆರೆಯ ಮೇಲೆ ಗಳಿಸಿತು. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ‘ತೆತ್ಸುವಾನ್ ಆತೊಮು’ ಪ್ರಸಾರವಾದಂದಿನಿಂದ ಜಪಾನೀ ದೂರದರ್ಶನದ ಚಿತ್ರಕಾರರು ಹಣದ ಮತ್ತು ಕಾಲದ ಅಭಾವದಲ್ಲಿಯೇ ಕೆಲಸ ಮಾಡುತ್ತ ಬಂದವರು. ಸೆಕೆಂಡಿಗೆ 24 ಚೌಕಟ್ಟುಗಳು ಓಡುವ ತೆರೆಯಲ್ಲಿ ಪ್ರತಿ ಚೌಕಟ್ಟಿಗೂ ಹೊಸ ಚಿತ್ರವನ್ನು ಬರೆಯಲಾರದೆ, ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟುಗಳವರೆಗೆ ನಿಲ್ಲಿಸಿ, ಎಂದರೆ ಹನ್ನೆರಡೋ ಎಂಟೋ ಚಿತ್ರಗಳಲ್ಲಿ ಒಂದು ಸೆಕೆಂಡನ್ನು ತುಂಬಿ, ಆ ನಿಲುಗಡೆಯಿಂದಲೇ ಒಂದು ಶೈಲಿಯನ್ನು ಅವರು ಸೃಷ್ಟಿಸಿದರು. ಯೂಫೊಟೇಬಲ್‌ನವರು ಆ ರೇಖೆಗೆ ಗಣಕಯಂತ್ರದ ಬೆಳಕನ್ನೂ ಆಳವನ್ನೂ ಸೇರಿಸಿದರು. ತಾಂಜಿರೊ ಕಲಿಯುವ ಜಲವಿದ್ಯೆಯಲ್ಲಿ ಖಡ್ಗದ ಬೆನ್ನುಹತ್ತಿ ಏಳುವ ನೀರು ನಿಜವಾದ ನೀರಿನಂತಿರದೆ, ಹೊಕುಸಾಯಿಯ ಮರಗೆತ್ತನೆಯ ಮುದ್ರಣಗಳಲ್ಲಿನ ಅಲೆಗಳಂತೆ, ದಪ್ಪ ಕರಿಗೆರೆಯ ಅಂಚಿನೊಳಗೆ ನೀಲಿ ಬಿಳಿಗಳಾಗಿ ಸುರುಳಿಗೊಳ್ಳುವುದನ್ನು ನೋಡಿದರೆ, ಎರಡು ಶತಮಾನಗಳ ಚಿತ್ರಪರಂಪರೆಯು ಎಚ್ಚತ್ತು ನಡೆದಂತೆ ತೋರುವುದು.

2019ರ ಆಗಸ್ಟ್ 10ರಂದು ಪ್ರಸಾರವಾದ ಹತ್ತೊಂಬತ್ತನೆಯ ಕಂತು ಈ ಕಲೆಯ ಶಿಖರ. ರುಯಿಯ ನೂಲುಗಳ ನಡುವೆ ಕತ್ತಿ ಮುರಿದು, ಸಾವು ನಿಶ್ಚಿತವಾದ ಗಳಿಗೆಯಲ್ಲಿ, ತಾಂಜಿರೊಗೆ ತಂದೆಯ ನೆನಪಾಗುತ್ತದೆ: ಅಷ್ಟು ಕೃಶನಾದ, ರೋಗಪೀಡಿತನಾದ ತಂದೆ ವರ್ಷಾರಂಭದ ಹಿಮರಾತ್ರಿಯಲ್ಲಿ ಅಗ್ನಿದೇವತೆಗೆ ಅರ್ಪಿಸುತ್ತಿದ್ದ, ಅಸ್ತಮಾನದಿಂದ ಅರುಣೋದಯದವರೆಗೆ ನಿಲ್ಲದೆ ಸಾಗುತ್ತಿದ್ದ ಕಗುರಾ ನೃತ್ಯ. ಅತ್ತ ಮೂರ್ಛೆಯಲ್ಲಿದ್ದ ನೆಜುಕೊಗೆ ಸತ್ತ ತಾಯಿಯ ಧ್ವನಿ ಕೇಳಿಸಿ, ಅಣ್ಣನನ್ನು ಉಳಿಸೆಂದು ಎಬ್ಬಿಸುತ್ತದೆ. ನೀರಾಗಿದ್ದ ಖಡ್ಗರೇಖೆಯು ಬೆಂಕಿಯಾಗಿ ಹೊರಳುತ್ತದೆ, ಹಿನ್ನೆಲೆಯಲ್ಲಿ ಲಾಲಿಯಂತಹ ಹಾಡೊಂದು ಏಳುತ್ತದೆ. ಕುಲದ ಆರಾಧನೆಯೇ ಆಪತ್ಕಾಲದ ವಿದ್ಯೆಯಾಗಿ ಒದಗುವ ಈ ಸನ್ನಿವೇಶ, ರಾತ್ರಿಯಿಡೀ ನಡೆವ ನೇಮವನ್ನೋ ಬಯಲಾಟವನ್ನೋ ಬಾಲ್ಯದಲ್ಲಿ ಕಂಡವರಿಗೆ ಯಾವ ವ್ಯಾಖ್ಯಾನವನ್ನೂ ಬೇಡದು. ಲಿಂಗರಾಜಪುರದ ನಮ್ಮ ನೆರೆಮನೆಯ ಹೈಸ್ಕೂಲು ಹುಡುಗನನ್ನು, ಇದರಲ್ಲಿ ಅವನಿಗೆ ಮೆಚ್ಚಾದದ್ದೇನೆಂದು ಕೇಳಿದಾಗ, ಅವನು ಕತ್ತಿಯ ಮಾತನ್ನೆತ್ತದೆ, “ಅವರಪ್ಪ ಡ್ಯಾನ್ಸ್ ಮಾಡ್ತಾರಲ್ಲ ತಾತ, ಅದು” ಎಂದನು.

ರಕ್ತದ ವಿಷಯವನ್ನು ಮುಚ್ಚಿಡಲಾಗದು. ಪುಟ್ಟ ಮಕ್ಕಳಿಗೆ ಇದು ತಕ್ಕುದಲ್ಲ. ಹೈಸ್ಕೂಲಿನ ಮಕ್ಕಳೂ ಮೊದಲ ಕಂತುಗಳನ್ನಾದರೂ ಹಿರಿಯರೊಡನೆ ನೋಡುವುದು ಲೇಸು. ಹಾಗೆ ಜೊತೆಯಲ್ಲಿ ಕುಳಿತು ನೋಡಲು ಹಿರಿಯರಿಗೆ ಅಡ್ಡಿಯಾಗುವುದು ಭಾಷೆ. 2025ರ ಸೆಪ್ಟೆಂಬರ್ 12ರಂದು ಈ ಸರಣಿಯ ‘ಇನ್ಫಿನಿಟಿ ಕ್ಯಾಸಲ್’ ಚಿತ್ರವು ಭಾರತದಲ್ಲಿ ತೆರೆಕಂಡು, ಜಪಾನೀ ಆನಿಮೆ ಚಿತ್ರಗಳಲ್ಲಿ ಇಲ್ಲಿ ಯಾವುದೂ ಗಳಿಸದಷ್ಟನ್ನು ಗಳಿಸಿತು. 155 ನಿಮಿಷಗಳ ಆ ಚಿತ್ರದ ಹೃದಯಭಾಗವು ಅಕಾಜಾ ಎಂಬ ಅಸುರನ ಪೂರ್ವವೃತ್ತಾಂತ: ರೋಗಿಷ್ಠ ತಂದೆಯ ಔಷಧಕ್ಕಾಗಿ ಕದ್ದು ಕದ್ದು ಶಿಕ್ಷೆಯನ್ನನುಭವಿಸಿದವನು, ಮಗನು ತನಗಾಗಿ ಕಳ್ಳನಾದನಲ್ಲಾ ಎಂದು ತಂದೆಯೇ ನೇಣುಹಾಕಿಕೊಂಡುದನ್ನು ಕಂಡವನು, ಕೊನೆಗೆ ದೊರೆತ ಗುರುವನ್ನೂ ವಾಗ್ದತ್ತೆಯನ್ನೂ ಬಾವಿಗೆ ಬೆರೆಸಿದ ವಿಷದಿಂದ ಕಳೆದುಕೊಂಡವನು. ಈ ಚಿತ್ರವು ಜಪಾನಿಯಲ್ಲಿಯೂ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿಯೂ ಬಂದಿತು; ಕನ್ನಡದಲ್ಲಿ ಬರಲಿಲ್ಲ. ಅದೇ ವರ್ಷದ ಜನವರಿಯಲ್ಲಿ, ಯೂಗೊ ಸಾಕೊ ಅವರ ಸಂಕಲ್ಪದಿಂದ ಭಾರತ ಜಪಾನುಗಳ ಕಲಾವಿದರು ಕೂಡಿ ರಚಿಸಿದ್ದ ರಾಮಾಯಣದ ಆನಿಮೆ ಚಿತ್ರವು ಮರಳಿ ತೆರೆಗೆ ಬಂದಾಗಲೂ ಹಾಗೆಯೇ ಆಯಿತು. ಹೀಗಾಗಿ ನಮ್ಮ ಬಡಾವಣೆಯ ತಮಿಳು ಮನೆಯ ಅಜ್ಜಿ ಮೊಮ್ಮಗನೊಡನೆ ಕುಳಿತು ಅಕಾಜನಿಗಾಗಿ ಕಣ್ಣೊರೆಸಿಕೊಳ್ಳಬಲ್ಲಳು. ಪಕ್ಕದ ಕನ್ನಡದ ಮನೆಯ ಅಜ್ಜಿಗೆ ಆ ಭಾಗ್ಯವಿಲ್ಲ.

ಇದರ ಹಿಂದೆ ನಮ್ಮದೇ ಇತಿಹಾಸವಿದೆ. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ಚಿತ್ರಗಳನ್ನು ವಿರೋಧಿಸಿದಾಗ, ಕನ್ನಡ ಚಿತ್ರಗಳೇ ವಿರಳವಾಗಿದ್ದು, ಈ ದಂಡುಪ್ರದೇಶದ ಥಿಯೇಟರುಗಳಲ್ಲಂತೂ ಕನ್ನಡದ ಧ್ವನಿ ಕೇಳುವುದೇ ಅಪರೂಪವಾಗಿತ್ತು. ಕನ್ನಡದ ನಟರಿಗೂ ತಂತ್ರಜ್ಞರಿಗೂ ಅನ್ನವೂ ನೆಲೆಯೂ ಬೇಕಾಗಿತ್ತು. ಆ ಹೋರಾಟವು ನ್ಯಾಯವಾದುದೇ ಆಗಿತ್ತು, ಅದರ ಫಲವನ್ನು ಕನ್ನಡ ಚಿತ್ರರಂಗವು ಉಂಡಿದೆ. ಆದರೆ 2012ರಲ್ಲಿ ‘ಸತ್ಯಮೇವ ಜಯತೆ’ಯಂತಹ ಲೋಕಹಿತದ ಕಾರ್ಯಕ್ರಮವೂ ಕನ್ನಡದ ಧ್ವನಿಯಲ್ಲಿ ಪ್ರಸಾರವಾಗದೆ ಹೋಯಿತು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇಂತಹ ತಡೆಯು ಕಾನೂನಿಗೆ ವಿರುದ್ಧವೆಂದು ಆದೇಶವಿತ್ತಿತು. ಆ ಬಳಿಕ ಬಾಗಿಲು ತೆರೆದಿದೆ. 2022ರಲ್ಲಿ ‘ಅವತಾರ್’ ಚಿತ್ರದ ಎರಡನೆಯ ಭಾಗವೂ, ಮರುವರ್ಷ ಸ್ಪೈಡರ್‌ಮ್ಯಾನಿನ ಆನಿಮೇಷನ್ ಚಿತ್ರವೂ ಕನ್ನಡದಲ್ಲಿ ಬಂದವು. 2025ರ ಜುಲೈಯಲ್ಲಿ ಬೆಂಗಳೂರಿನದೇ ಆದ ಹೊಂಬಾಳೆ ಸಂಸ್ಥೆಯು ಅರ್ಪಿಸಿದ ‘ಮಹಾವತಾರ್ ನರಸಿಂಹ’ವು, ಅಜ್ಜ ಅಜ್ಜಿ ಮೊಮ್ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಆನಿಮೇಷನ್ ಚಿತ್ರವನ್ನು ನೋಡಬಲ್ಲರೆಂಬುದನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟಿತು. ಈಗ ಕೊರತೆಯಿರುವುದು ಅನುಮತಿಯದಲ್ಲ, ಬೇಡಿಕೆಯದು. ಕನ್ನಡದ ಪ್ರೇಕ್ಷಕರು ಬೇರೆ ಭಾಷೆಗಳಲ್ಲಿಯೇ ನೋಡಿಕೊಳ್ಳುತ್ತಾರೆಂದು ವಿತರಕರು ನಂಬಿರುವವರೆಗೆ ಅವರು ಹಣವನ್ನೇಕೆ ಹೂಡುವರು?

‘ಇನ್ಫಿನಿಟಿ ಕ್ಯಾಸಲ್’ ಮೂರು ಚಿತ್ರಗಳ ಮಾಲಿಕೆಯಲ್ಲಿ ಮೊದಲನೆಯದು, ಇನ್ನೆರಡು ಬರಬೇಕಾಗಿವೆ. ಅವುಗಳಿಗೆ ಕನ್ನಡದ ಧ್ವನಿ ಬೇಕೆಂದು ಮಕ್ಕಳಿಗಿಂತ ಮೊದಲು ಹಿರಿಯರು ವಿತರಕರನ್ನೂ ಚಿತ್ರಮಂದಿರದವರನ್ನೂ ಕೇಳಬೇಕು. ಹೆಗ್ಗೋಡಿನ ನೀನಾಸಮ್ಮಿನಲ್ಲಿಯೂ ಮೈಸೂರಿನ ರಂಗಾಯಣದಲ್ಲಿಯೂ ಪಳಗಿದ ಕಂಠಗಳು ನಮ್ಮಲ್ಲಿವೆ, ಬಣ್ಣದ ವೇಷದ ಅರ್ಥಗಾರಿಕೆಯಲ್ಲಿ ಅಸುರನ ಅಟ್ಟಹಾಸವನ್ನೂ ಅಳಲನ್ನೂ ಒಂದೇ ಉಸಿರಿನಲ್ಲಿ ನುಡಿಯಬಲ್ಲ ಯಕ್ಷಗಾನದ ಕಲಾವಿದರಿದ್ದಾರೆ. ಅವರನ್ನು ಬಿಟ್ಟು, ಅಗ್ಗದ ದರಕ್ಕೆ ದೊರೆತ ಯಾರದೋ ಬಾಯಲ್ಲಿ, ಇಂಗ್ಲಿಷಿನ ಪಡಿಯಚ್ಚಾದ ಕನ್ನಡದಲ್ಲಿ ಅದನ್ನು ಮಾಡಿಸಿದರೆ ಮಾಡದಿರುವುದೇ ಮೇಲು.